ತುದಿಯಲ್ಲಿ ಬಾಯಿ ಬಿಟ್ಟ ಡೈನಿಂಗ್ ಟೇಬಲ್: ಮಂಡ್ಯದ ಒಂದು ಜಾಯಿಂಟರ್ ಪ್ರಕರಣ

ಶಿವರಾತ್ರಿ ಕಳೆದು ನಾಲ್ಕೈದು ದಿನ ಆಗಿತ್ತು. ಮಂಡ್ಯದಿಂದ ಆಚಾರ್ರು ಫೋನ್ ಮಾಡಿದರು. "ತಮ್ಮಾ, ಒಂದ್ಸಲ ಬಂದೋಗಪ್ಪಾ. ಸಂಕ್ರಾಂತಿಗೆ ಕೊಟ್ಟಿದ್ದ ಟೇಬಲ್ಲು ಬಾಯ್ ಬುಟ್ಟದೆ" ಅಂದರು. ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಜಾಸ್ತಿ ಇತ್ತು. ನಾನು ಹತ್ತರಿ ಹಿಡಿಯೋದು, ಉಳಿ ಮಸೆಯೋದು ಕಲಿತದ್ದು ಅವರ ಹತ್ತಿರ. ಈಗ ಮೈಸೂರಿನ ಹೆಬ್ಬಾಳದ ಕಡೆ ನನ್ನದೇ ಒಂದು ಸಣ್ಣ ವರ್ಕ್‌ಶಾಪ್ ಇದೆ. ಮಾರನೇ ದಿನ ಬೆಳಿಗ್ಗೆ ನೇರ ನೋಡುವ ಮೂರಡಿಯ ಸ್ಟ್ರೈಟ್ ಎಡ್ಜ್, ಸಂದು ಅಳೆಯುವ ತೆಳು ಎಲೆಗಳ ಫಿಲ್ಲರ್ ಗೇಜ್, ಮೂಲೆಮಟ್ಟ, ಮರದ ತೇವ ನೋಡುವ ಮೀಟರ್ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಮಂಡ್ಯದ ಬಸ್ಸು ಹತ್ತಿದೆ.

ಇದನ್ನು ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಆ ಟೇಬಲ್ ನೋಡಿದವರೆಲ್ಲ ಮರವನ್ನು ಬೈದರು, ಇಲ್ಲ ಅಂಟನ್ನು ಬೈದರು. ನಾನೂ ಮೊದಲು ಮರವನ್ನೇ ಅನುಮಾನಿಸಿದೆ. ತಪ್ಪು ಇದ್ದದ್ದು ಜಾಯಿಂಟರಿನ, ಅಂದರೆ ಮರ ಕೀಸಿ ನೇರ ಮಾಡುವ ಮೆಷಿನ್ನಿನ, ಒಂದು ಬೆಡ್ಡಿನ ಎತ್ತರದಲ್ಲಿ, ಅದೂ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಷ್ಟರಿಂದ ಒಂದು ತೇಗದ ಟೇಬಲ್ ಹಾಳಾಗುತ್ತೆ, ಒಬ್ಬ ಒಳ್ಳೆಯ ಕೆಲಸಗಾರನ ಹೆಸರಿಗೆ ಮಸಿ ಬೀಳುತ್ತೆ.

ಮೊದಲು ಮೆಷಿನ್ ವಿಷಯ. ಜಾಯಿಂಟರ್ ಅಂದರೆ ನಮ್ಮ ಕಡೆ ಸುಮ್ನೆ ಪ್ಲೇನಿಂಗ್ ಮೆಷಿನ್ ಅನ್ನುತ್ತಾರಲ್ಲ, ಅದೇ. ಎರಡು ಎರಕದ ಕಬ್ಬಿಣದ ಬೆಡ್, ಮಧ್ಯದಲ್ಲಿ ತಿರುಗುವ ಕಟ್ಟರ್ ಬ್ಲಾಕ್, ಅದರಲ್ಲಿ ಬ್ಲೇಡುಗಳು, ಪಕ್ಕದಲ್ಲಿ ಮರ ಒರಗಿಸಲು ಒಂದು ಗೈಡ್. ಮರವನ್ನು ಇಟ್ಟು ತಳ್ಳುವ ಕಡೆಯದು ಕೊಡುವ ಬೆಡ್. ಕೆತ್ತಿಸಿಕೊಂಡು ಬಂದ ಮರ ಕೂರುವುದು ತಗೊಳ್ಳುವ ಬೆಡ್. ಕೊಡುವ ಬೆಡ್ಡನ್ನು ಎಷ್ಟು ಇಳಿಸುತ್ತೀರೋ ಅಷ್ಟು ಮರ ಏಳುತ್ತೆ, ಅದನ್ನು ದಿನಕ್ಕೆ ಹತ್ತು ಸಲ ಏರಿಸಿ ಇಳಿಸಬಹುದು. ತಗೊಳ್ಳುವ ಬೆಡ್ ಹಾಗಲ್ಲ. ಬ್ಲೇಡು ತಿರುಗುವಾಗ ಅದರ ತುದಿ ಮುಟ್ಟುವ ಅತಿ ಎತ್ತರದ ಜಾಗ ಇದೆಯಲ್ಲ, ಅದಕ್ಕೆ ಸರಿಸಮ ಆ ಬೆಡ್ ಇರಬೇಕು. ತಗ್ಗಿದ್ದರೆ ಮರದ ಬಾಲ ಕೊಡುವ ಬೆಡ್ಡನ್ನು ಬಿಡುವ ಕ್ಷಣದಲ್ಲಿ ಕೆಳಕ್ಕೆ ಕುಸಿಯುತ್ತೆ, ಕೊನೆಯ ಎರಡು ಎರಡೂವರೆ ಇಂಚು ಜಾಸ್ತಿ ಕಡಿದು ಹೋಗುತ್ತೆ. ಎತ್ತರ ಇದ್ದರೆ ಮರದ ಮೂತಿ ಬೆಡ್ಡಿನ ತುಟಿಗೆ ಬಡಿಯುತ್ತೆ, ಇಲ್ಲ ಹತ್ತಿ ಕೂತು, ಹೋಗ್ತಾ ಹೋಗ್ತಾ ಕಡಿಮೆ ಕಡಿದು ಹಲಗೆ ಬೆಣೆ ಆಕಾರಕ್ಕೆ ಬರುತ್ತೆ.

ಆಚಾರ್ರ ಮೆಷಿನ್ 12 ಇಂಚು ಅಗಲದ್ದು, ಎರಡೂ ಬೆಡ್ ಸೇರಿ ಐದಡಿ ಉದ್ದ, ಮೂರು ಬ್ಲೇಡು. 1440 ಸುತ್ತಿನ ಮೋಟಾರಿಗೆ ಆರಿಂಚಿನ ಪುಲ್ಲಿ, ಬ್ಲಾಕಿಗೆ ಎರಡಿಂಚಿನ ಪುಲ್ಲಿ. ಅಂದರೆ ಬ್ಲಾಕು ನಿಮಿಷಕ್ಕೆ ಸುಮಾರು 4320 ಸುತ್ತು. ಹಳೆಯದಾದರೂ ಗಟ್ಟಿ ಮೆಷಿನ್.

ಗುತ್ತಲು ರಸ್ತೆ ಕಡೆ ಇರುವ ಅವರ ಶೆಡ್ಡಿಗೆ ನಾನು ಹೋಗುವ ಹೊತ್ತಿಗೆ ಟೇಬಲ್ ವಾಪಸ್ ಬಂದು ಎರಡು ಸ್ಟೂಲಿನ ಮೇಲೆ ಅಂಗಾತ ಕೂತಿತ್ತು. ಆರಡಿ ಉದ್ದ, ಮೂರೂವರೆ ಅಡಿ ಅಗಲ. ಆರಾರು ಇಂಚಿನ ಏಳು ತೇಗದ ಹಲಗೆ, ಆರು ಜಾಯಿಂಟ್. ಆರರಲ್ಲಿ ನಾಲ್ಕು ಬಿಟ್ಟಿದ್ದವು, ಎಲ್ಲವೂ ತುದಿಯಲ್ಲಿ, ಎರಡೂ ತುದಿಯಲ್ಲಿ. ಮಧ್ಯದಲ್ಲಿ ಉಗುರು ಆಡಿಸಿದರೂ ಗೆರೆ ಸಿಗದಷ್ಟು ಬಿಗಿ. ತುದಿಯಲ್ಲಿ ಮಾತ್ರ ಬೆಂಕಿಕಡ್ಡಿಯ ತುದಿ ಒಳಗೆ ಹೋಗುತ್ತಿತ್ತು. ಒಂದು ಬಿರುಕು ಮೂರಿಂಚಿನಿಂದ ಶುರುವಾಗಿ ಒಂದಡಿ ಒಳಕ್ಕೆ ಓಡಿತ್ತು.

"ಮರಾನೇ ಹಸಿ ಇತ್ತು ಕಣಪ್ಪಾ. ಡಿಪೋದವ್ರು ಏಮಾರಿಸ್ಬುಟ್ರು" ಅಂದರು ಆಚಾರ್ರು.

ನನಗೂ ಹಾಗೇ ಅನ್ನಿಸಿತು. ಯಾಕೆ ಅಂದರೆ ಎರಡೂ ತುದಿ ಬಿಟ್ಟಿದ್ದರೆ ಯಾರೇ ಆದರೂ ಮೊದಲು ಹೇಳುವುದು ಒಣಗಿ ಬಿಟ್ಟಿದೆ ಅಂತಲೇ. ಹಲಗೆಯ ತುದಿಯಿಂದ ನೀರು ಬೇಗ ಆರುತ್ತೆ, ಮಧ್ಯದಿಂದ ನಿಧಾನ. ತುದಿ ಮೊದಲು ಕುಗ್ಗುತ್ತೆ, ಮಧ್ಯ ಕುಗ್ಗಿರಲ್ಲ, ಜಾಯಿಂಟಿನ ತುದಿ ಬಾಯಿ ಬಿಡುತ್ತೆ. ಸಂಕ್ರಾಂತಿಯಲ್ಲಿ ಕೊಟ್ಟು ಶಿವರಾತ್ರಿಗೆ ಬಿಟ್ಟಿದೆ. ಶಿವ ಶಿವ ಅಂತ ಚಳಿ ಹೋಗಿ ಬಿಸಿಲು ಏರುವ ಹೊತ್ತು. ಲೆಕ್ಕ ಸರಿಯಾಗಿ ಕೂತಿತು.

ಆದರೆ ಮೀಟರ್ ಬೇರೆ ಹೇಳಿತು. ಟೇಬಲ್ಲಿನ ಮಧ್ಯದಲ್ಲಿ ತೇವ 11 ಪರ್ಸೆಂಟ್, ತುದಿಯ ಹತ್ತಿರ 10. ಅದೇ ಲಾಟಿನಲ್ಲಿ ಉಳಿದು ಶೆಡ್ಡಿನ ಮೂಲೆಯಲ್ಲಿ ಒರಗಿಸಿದ್ದ ಎರಡು ಹಲಗೆ ಇದ್ದವು, ಅದರ ಒಂದು ತುದಿ ಅರ್ಧ ಅಡಿ ಕೊಯ್ದು ಒಳಗಿನ ಮೈಗೆ ಮುಳ್ಳು ಚುಚ್ಚಿ ನೋಡಿದರೆ 12. ನಮ್ಮ ಮಂಡ್ಯ ಮೈಸೂರು ಹವೆಗೆ ಮನೆಯೊಳಗಿನ ಫರ್ನಿಚರಿಗೆ ಇದು ಹಸಿ ಮರ ಅಲ್ಲ. ಎರಡು ಪರ್ಸೆಂಟ್ ಇಳಿದದ್ದಕ್ಕೆ ಆರಿಂಚಿನ ತೇಗದ ಹಲಗೆ ಇಷ್ಟು ಬಾಯಿ ಬಿಡಲ್ಲ. ತೇಗ ಕುಗ್ಗುವುದೇ ಕಡಿಮೆ, ಅದಕ್ಕೇ ಅಲ್ವಾ ಬಾಗಿಲಿಗೆ ತೇಗ ಅಂತ ಜನ ಅಷ್ಟು ದುಡ್ಡು ಕೊಡೋದು. ಡಿಪೋದವರ ತಪ್ಪಿಲ್ಲ ಅಂತ ಅಲ್ಲೇ ಹೇಳಿಬಿಟ್ಟೆ.

ಮುಂದೆ ಅಂಟು. ತೇಗದಲ್ಲಿ ಎಣ್ಣೆ ಅಂಶ ಇದೆ. ಕೀಸಿದ ಮೈಯನ್ನು ನಾಲ್ಕು ದಿನ ಹಾಗೇ ಬಿಟ್ಟು ಆಮೇಲೆ ಅಂಟು ಹಚ್ಚಿದರೆ ಸರಿಯಾಗಿ ಹಿಡಿಯಲ್ಲ. ಕೀಸಿದ ದಿನವೇ ಹಚ್ಚಬೇಕು. ಕೇಳಿದೆ. ಆಚಾರ್ರ ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗ ಹೇಳಿದ, "ಬೆಳಗ್ಗೆ ಮೆಷಿನ್ಗೆ ಕೊಟ್ವಿ ಅಣ್ಣ, ಮಧ್ಯಾಹ್ನ ಊಟ ಆದ್ಮೇಲೆ ಅಂಟು ಹಾಕ್ದೋ." ಅಲ್ಲೂ ತಪ್ಪಿಲ್ಲ.

ಹಾಗಾದರೆ ಜಾಯಿಂಟನ್ನೇ ಬಿಚ್ಚಿ ನೋಡೋಣ ಅಂತ, ಆಚಾರ್ರನ್ನು ಕೇಳಿಕೊಂಡು, ಒಂದಡಿ ಓಡಿದ್ದ ಬಿರುಕಿಗೆ ಅಗಲ ಉಳಿ ಇಟ್ಟು ನಿಧಾನವಾಗಿ ಬಿಡಿಸಿದೆ. ಮಧ್ಯದ ಭಾಗ ಬಿಡಲಿಲ್ಲ, ಮರವೇ ಸೀಳಿಕೊಂಡು ಬಂತು, ಒಂದು ಹಲಗೆಯ ನಾರು ಇನ್ನೊಂದಕ್ಕೆ ಅಂಟಿಕೊಂಡೇ ಬಂತು. ಅಂಟು ಅಂದರೆ ಹಾಗಿರಬೇಕು. ತುದಿಗೆ ಬಂದಾಗ ಚಿತ್ರ ಬದಲಾಯಿತು. ಕೊನೆಯ ಎರಡೂವರೆ ಇಂಚಿನಲ್ಲಿ ಅಂಟು ದಪ್ಪಗೆ, ಹೊಳೆಯುವ ಪದರವಾಗಿ ಕೂತಿತ್ತು, ಒಣಗಿದ ಹಾಲಿನ ಕೆನೆಯ ಹಾಗೆ. ಬೆರಳಿಟ್ಟರೆ ನುಣುಪು. ಒಂದೇ ಒಂದು ನಾರು ಅದಕ್ಕೆ ಹಿಡಿದಿರಲಿಲ್ಲ. ಅಂದರೆ ಅಲ್ಲಿ ಎರಡು ಮರ ಒಂದನ್ನೊಂದು ಸರಿಯಾಗಿ ಮುಟ್ಟಿರಲೇ ಇಲ್ಲ. ಬಿಳಿ ಅಂಟಿಗೆ ಸಂದು ತುಂಬುವ ಶಕ್ತಿ ಇಲ್ಲ, ಮರಕ್ಕೆ ಮರ ಒತ್ತಿಕೊಂಡು ಕೂತರೆ ಮಾತ್ರ ಅದು ಹಿಡಿಯುತ್ತೆ. ಕ್ಲಾಂಪ್ ಬಿಗಿದಾಗ ಆ ಸಂದು ಬಲವಂತಕ್ಕೆ ಅಷ್ಟೋ ಇಷ್ಟೋ ಮುಚ್ಚಿದೆ, ಮೇಲೆ ಪಾಲಿಶ್ ಬಿದ್ದಿದೆ, ಕಣ್ಣಿಗೆ ಕಾಣಿಸಿಲ್ಲ. ಆಮೇಲೆ ಎರಡು ತಿಂಗಳು ಮರ ತನ್ನ ಜಾಗಕ್ಕೆ ಹೋಗಲು ಎಳೆದಿದೆ.

ಬಿಚ್ಚಿದ ಅಂಚಿನ ಅಂಟನ್ನು ಕೆರೆದು ಸ್ಟ್ರೈಟ್ ಎಡ್ಜ್ ಇಟ್ಟೆ. ಐದೂಮುಕ್ಕಾಲು ಅಡಿ ನೇರ. ಕೊನೆಯಲ್ಲಿ ಒಂದು ಮೆಟ್ಟಿಲು. ಫಿಲ್ಲರ್ ಗೇಜಿನ 0.35 ಎಲೆ ಆರಾಮಾಗಿ ಹೋಯಿತು. ಒಣಗಿ ಬಿಟ್ಟದ್ದಾದರೆ ಮೆಟ್ಟಿಲು ಇರಲ್ಲ, ಉದ್ದಕ್ಕೂ ಮೆಲ್ಲಗೆ ಇಳಿಜಾರು ಇರುತ್ತೆ. ಇದು ಕುಗ್ಗಿದ್ದಲ್ಲ, ಕಡಿದದ್ದು.

ಆದರೆ ಕೊನೆಯಲ್ಲಿ ಜಾಸ್ತಿ ಕಡಿದು ಬೀಳುವ ಈ ಬಾಲದ ಗುಂಡಿ ಹಲಗೆಯ ಒಂದು ತುದಿಗೆ ತಾನೆ ಬೀಳುವುದು? ಎರಡೂ ತುದಿ ಯಾಕೆ ಬಿಟ್ಟಿತು? ಇಲ್ಲಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಹುಡುಗನಿಗೆ "ನೀನು ಅವತ್ತು ಹೆಂಗೆ ಕೊಟ್ಟೆ, ಹಂಗೇ ತೋರಿಸು" ಅಂದೆ. ಮೆಷಿನ್ ಬಂದ್ ಇತ್ತು. ಅವನು ಹಲಗೆಯ ಚೆನ್ನಾದ ಮೈಯನ್ನು ಗೈಡಿಗೆ ಒರಗಿಸಿ ಒಂದು ಅಂಚು ತಳ್ಳಿದ. ಇನ್ನೊಂದು ಅಂಚಿಗೂ ಅದೇ ಮೈ ಗೈಡಿಗೆ ಬರಬೇಕಲ್ಲ, ಅದಕ್ಕೆ ಹಲಗೆಯನ್ನು ತುದಿಯಿಂದ ತುದಿಗೆ ತಿರುಗಿಸಿ ಇಟ್ಟ. ಅವನು ಮಾಡಿದ್ದರಲ್ಲಿ ತಪ್ಪಿಲ್ಲ, ಆಚಾರ್ರು ಕಲಿಸಿದ ಕ್ರಮ ಅದು. ಆದರೆ ಮೊದಲ ಅಂಚಿಗೆ ಬಾಲವಾಗಿದ್ದ ತುದಿ ಎರಡನೇ ಅಂಚಿಗೆ ಮೂತಿ ಆಯಿತು. ಒಂದು ಹಲಗೆಯ ಬಲ ಅಂಚಿನ ಗುಂಡಿ ಆ ತುದಿಗೆ, ಎಡ ಅಂಚಿನ ಗುಂಡಿ ಈ ತುದಿಗೆ. ಹಾಗೆ ಏಳು ಹಲಗೆ ಒಂದರ ಪಕ್ಕ ಒಂದು ಜೋಡಿಸಿದರೆ ಪ್ರತಿ ಜಾಯಿಂಟಿನ ಎರಡೂ ತುದಿಯಲ್ಲಿ ಒಂದೊಂದು ಗುಂಡಿ. ನೋಡಿದವರಿಗೆ ಥೇಟ್ ಒಣಗಿ ಬಿಟ್ಟ ಹಾಗೆ.

ಇದು ಗೊತ್ತಾದ ಮೇಲೆ ಮೆಷಿನ್ ಕಡೆ ತಿರುಗಿದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ, ಬೆಲ್ಟ್ ಬಿಚ್ಚಿದೆ. ಬ್ಲೇಡಿನ ಹತ್ತಿರ ಕೈ ಇಡುವ ಯಾವ ಕೆಲಸಕ್ಕೂ ಬರೀ ಸ್ವಿಚ್ ಆಫ್ ಸಾಲದು. ಬೇರೆ ಯಾರೋ ಬಂದು ಹಾಕಿಬಿಡುತ್ತಾರೆ.

ನೋಡುವುದಕ್ಕೆ ದೊಡ್ಡ ಉಪಕರಣ ಏನೂ ಬೇಡ. ಒಂದಡಿಯ ಒಂದು ನೇರ ಮರದ ಕಡ್ಡಿ ಸಾಕು. ಕಬ್ಬಿಣದ ಸ್ಕೇಲ್ ಇಟ್ಟರೆ ಬ್ಲೇಡಿನ ಬಾಯಿ ಹೋಗುತ್ತೆ, ಅದಕ್ಕೆ ಮರವೇ ಬೇಕು. ಕಡ್ಡಿಯನ್ನು ತಗೊಳ್ಳುವ ಬೆಡ್ಡಿನ ಮೇಲೆ ಇಟ್ಟು ಅದರ ಒಂದು ತುದಿ ಕಟ್ಟರ್ ಬ್ಲಾಕಿನ ಮೇಲೆ ಚಾಚಿರುವ ಹಾಗೆ ಮಾಡಿ, ಬೆಡ್ಡಿನ ತುಟಿಯ ಜಾಗಕ್ಕೆ ಕಡ್ಡಿಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದು. ಆಮೇಲೆ ಬ್ಲಾಕನ್ನು ಪುಲ್ಲಿ ಹಿಡಿದು ಕೈಯಲ್ಲೇ, ಕಡಿಯುವ ದಿಕ್ಕಿಗೆ ಉಲ್ಟಾ ಮೆಲ್ಲಗೆ ತಿರುಗಿಸುವುದು. ಬ್ಲೇಡಿನ ತುದಿ ಕಡ್ಡಿಯ ತಳಕ್ಕೆ ತಾಗಿ ಅದನ್ನು ಸ್ವಲ್ಪ ದೂರ ಹೊತ್ತುಕೊಂಡು ಹೋಗಿ ಇಳಿಸುತ್ತೆ. ಎಷ್ಟು ದೂರ ಹೊತ್ತಿತು ಅಂತ ಗೆರೆ ನೋಡಿ ಅಳೆಯುವುದು. ಸರಿಯಾಗಿ ಕೂತ ಮೆಷಿನ್ನಿನಲ್ಲಿ ಸುಮಾರು 3 ಮಿ.ಮೀ. ಹೋಗುತ್ತೆ, ಅಂದರೆ ಇಂಚಿನ ಎಂಟನೇ ಒಂದು ಭಾಗ, ನಮ್ಮವರ ಮಾತಲ್ಲಿ ಒಂದು ನೂಲು. 80 ಮಿ.ಮೀ. ದಪ್ಪದ ಬ್ಲಾಕಿನಲ್ಲಿ 3 ಮಿ.ಮೀ. ಹೊತ್ತರೆ ಬ್ಲೇಡು ಬೆಡ್ಡಿಗಿಂತ 0.03 ಮಿ.ಮೀ. ಎತ್ತರ ಇದೆ ಅಂತ ಲೆಕ್ಕ. ಕಣ್ಣಿಗೆ ಕಾಣದ ಎತ್ತರವನ್ನು ಕಣ್ಣಿಗೆ ಕಾಣುವ ಉದ್ದವಾಗಿ ತೋರಿಸುತ್ತೆ ಈ ಕಡ್ಡಿ. ನನಗೆ ಇದರಷ್ಟು ಇಷ್ಟವಾದ ಪರೀಕ್ಷೆ ಈ ಕೆಲಸದಲ್ಲಿ ಇನ್ನೊಂದಿಲ್ಲ.

ಮೊದಲ ಬ್ಲೇಡು 11 ಮಿ.ಮೀ. ಹೊತ್ತಿತು. ಎರಡನೆಯದು 9. ಮೂರನೆಯದು ಒಂದು ಪಕ್ಕದಲ್ಲಿ 9, ಇನ್ನೊಂದು ಪಕ್ಕದಲ್ಲಿ 6. ಲೆಕ್ಕ ಹಾಕಿದರೆ ಮೊದಲ ಬ್ಲೇಡು ಬೆಡ್ಡಿಗಿಂತ ಹತ್ತಿರ ಹತ್ತಿರ 0.38 ಮಿ.ಮೀ. ಮೇಲಿದೆ, ಎರಡನೆಯದು 0.25, ಮೂರನೆಯದು ಸೊಟ್ಟ. ಅಂಚಿನಲ್ಲಿ ಸಿಕ್ಕಿದ ಮೆಟ್ಟಿಲು 0.35. ಎರಡೂ ತಾಳೆ ಆಯಿತು.

ಆಗ ಆಚಾರ್ರಿಗೆ ನೆನಪಾಯಿತು. ದೀಪಾವಳಿಗೆ ಮುಂಚೆ ಬ್ಲೇಡು ಸಾಣೆಗೆ ಕೊಟ್ಟಿದ್ದರು. ವಾಪಸ್ ಬಂದ ದಿನ ಇವರಿಗೆ ಹುಷಾರಿರಲಿಲ್ಲ, ಹುಡುಗನೇ ಕಣ್ಣಳತೆಯಲ್ಲಿ ಬ್ಲೇಡು ಕೂರಿಸಿದ್ದ. ಬೆಡ್ಡಿನ ಮೇಲೆ ಒಂದು ಮರದ ತುಂಡು ಇಟ್ಟು, ಬ್ಲೇಡು ಅದಕ್ಕೆ ತಾಗುತ್ತೆ ಅಂದಮೇಲೆ ಸರಿ ಅಂತ ಬೋಲ್ಟ್ ಬಿಗಿದಿದ್ದ. ಬಿಗಿಯುವಾಗ ಬ್ಲೇಡು ಇನ್ನೊಂಚೂರು ಮೇಲೆದ್ದು ಬರುತ್ತೆ ಅನ್ನುವುದು ಅವನಿಗೆ ಯಾರೂ ಹೇಳಿರಲಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಆಚಾರ್ರು ಅವನ ಬೆನ್ನ ಮೇಲೆ ಕೈ ಇಟ್ಟು "ನಾನ್ ನೋಡ್ಬೇಕಿತ್ತು ಕಣ್ಲಾ" ಅಂದರು. ಅಷ್ಟೇ.

ದೀಪಾವಳಿಯಿಂದ ಸಂಕ್ರಾಂತಿವರೆಗೆ ಅದೇ ಮೆಷಿನ್ನಿನಲ್ಲಿ ಎಷ್ಟೋ ಕೆಲಸ ಆಗಿತ್ತಲ್ಲ, ಅವೆಲ್ಲ ಯಾಕೆ ಸರಿ ಇದ್ದವು? ಬಹುಪಾಲು ಬಾಗಿಲು ಕಿಟಕಿ ಚೌಕಟ್ಟು. ಅದರ ತುದಿಯೆಲ್ಲ ಕೂರು, ಅಂದರೆ ನಾಲಿಗೆ, ಆಗಿ ಇನ್ನೊಂದು ಮರದ ತೂತಿನೊಳಗೆ ಹೋಗುತ್ತೆ, ಇಲ್ಲ ಗೋಡೆಗೆ ಹೋಗುತ್ತೆ, ಗುಂಡಿ ಕಾಣಲ್ಲ. ಹಲಗೆ ಜೋಡಿಸುವ ಕೆಲಸ ಇದ್ದಾಗಲೂ ಆಚಾರ್ರು ಯಾವತ್ತೂ ಮೂರು ನಾಲ್ಕು ಇಂಚು ಉದ್ದ ಬಿಟ್ಟೇ ಅಂಟು ಹಾಕಿಸಿ, ಒಣಗಿದ ಮೇಲೆ ಎರಡೂ ತುದಿ ಕೊಯ್ಯುತ್ತಿದ್ದರು. ಗುಂಡಿ ಬಿದ್ದ ಭಾಗ ಬಹುಪಾಲು ಹೊರಟು ಹೋಗುತ್ತಿತ್ತು. ಈ ಟೇಬಲ್ಲಿಗೆ ಸಿಕ್ಕ ತೇಗ ಸರಿಯಾಗಿ ಆರಡಿ ಒಂದಿಂಚು. ಕೊಯ್ಯಲು ಜಾಗ ಇರಲಿಲ್ಲ. ತಪ್ಪು ನಾಲ್ಕು ತಿಂಗಳಿಂದ ಇತ್ತು, ಇವತ್ತು ಹೊರಗೆ ಬಂತು ಅಷ್ಟೇ.

ರಿಪೇರಿ ಎರಡು ದಿನ ಹಿಡಿಯಿತು. ಮೊದಲ ದಿನ ಬ್ಲೇಡು. ಮೂರನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬ್ಲೇಡು ಕೂರುವ ಸಾಲನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆವು. ತೇಗದ ಮೇಣ ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಬ್ಲೇಡು ಹೇಗೆ ತಾನೆ ಸಮ ಕೂರುತ್ತೆ? ಮೂರೂ ಬ್ಲೇಡಿನ ಅಗಲ ಅಳೆದೆ. ಒಂದು ಬೇರೆ ಎರಡಕ್ಕಿಂತ ಒಂದು ಮಿ.ಮೀ. ಕಡಿಮೆ, ಸಾಣೆಯಲ್ಲಿ ಜಾಸ್ತಿ ಹೋಗಿದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಕ ಹಾಕಿಸಿದರೆ ಅದು ಬೇರೆ ಎರಡಕ್ಕಿಂತ ಹಗುರ. ನಿಮಿಷಕ್ಕೆ 4320 ಸುತ್ತು ತಿರುಗುವ ಬ್ಲಾಕಿನಲ್ಲಿ ಒಂದು ಪಕ್ಕ ಹಗುರ ಆದರೆ ಮೆಷಿನ್ ನಡುಗುತ್ತೆ, ಬೇರಿಂಗ್ ಬೇಗ ಹೋಗುತ್ತೆ. ಆಚಾರ್ರ ಹತ್ತಿರ ಹಳೆಯ ಸೆಟ್ ಒಂದು ಎತ್ತಿಟ್ಟಿದ್ದು ಇತ್ತು, ಮೂರೂ ಒಂದೇ ಅಗಲ. ಅದನ್ನೇ ಮಸೆದು ಹಾಕೋಣ ಅಂತಾಯಿತು. ಬ್ಲೇಡನ್ನು ಸಾಣೆಗೆ ಕೊಡುವಾಗ ಮೂರನ್ನೂ ಒಟ್ಟಿಗೆ ಕೊಡಿ, ಮೂರೂ ಒಂದೇ ಅಗಲಕ್ಕೆ ವಾಪಸ್ ಬೇಕು ಅಂತ ಬಾಯಿಬಿಟ್ಟು ಹೇಳಿ. ತುಂಬಾ ಸವೆದು ಅಗಲ ಕಡಿಮೆ ಆದ ಬ್ಲೇಡನ್ನು ಹಾಕಲೇಬೇಡಿ. ಬೋಲ್ಟಿಗೆ ಹಿಡಿಯಲು ಮೈ ಸಾಲದೆ ತಿರುಗುವಾಗ ಹಾರಿ ಬಂದರೆ ಎದುರಿಗಿದ್ದವನ ಗತಿ ಏನು?

ಕೂರಿಸುವಾಗ ಆತುರ ಮಾಡಲಿಲ್ಲ. ಬ್ಲೇಡು ಬ್ಲಾಕಿನಿಂದ ಒಂದು ಮಿ.ಮೀ. ಆಚೆ ಇರುವ ಹಾಗೆ ಇಟ್ಟು, ಮಧ್ಯದ ಬೋಲ್ಟಿನಿಂದ ಶುರುಮಾಡಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಪ್ರತಿ ಸುತ್ತಿಗೂ ಕಡ್ಡಿ ಇಟ್ಟು ನೋಡುತ್ತಾ, ಎದ್ದು ಬಂದರೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಮಾಡಿದೆವು. ಮೂರು ಬ್ಲೇಡು, ಪ್ರತಿ ಬ್ಲೇಡಿಗೆ ಎಡ, ಮಧ್ಯ, ಬಲ ಅಂತ ಮೂರು ಜಾಗ, ಒಟ್ಟು ಒಂಬತ್ತು ಜಾಗದಲ್ಲೂ ಕಡ್ಡಿ ಒಂದೇ ಅಳತೆ ಹೊರಬೇಕು. ಸಂಜೆ ಐದರ ಹೊತ್ತಿಗೆ ಒಂಬತ್ತೂ ಸಮ ಬಂತು. ಆಮೇಲೆ ತಗೊಳ್ಳುವ ಬೆಡ್ಡಿನ ಲಾಕ್ ಸಡಿಲಿಸಿ, ಮೊದಲು ಬೇಕಿದ್ದಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ಏರಿಸುತ್ತಾ 3 ಮಿ.ಮೀ.ಗೆ ತಂದೆ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಸ್ಕ್ರೂವಿನ ಆಟ ಉಳಿದು ಬೆಡ್ ಆಮೇಲೆ ಕುಸಿಯುತ್ತೆ. ಲಾಕ್ ಬಿಗಿದ ಮೇಲೆ ಮತ್ತೆ ಕಡ್ಡಿ ಇಟ್ಟೆ, 4 ಆಗಿತ್ತು. ಬಿಗಿತಕ್ಕೇ ಬೆಡ್ ಅಲ್ಲಾಡಿತ್ತು. ಮತ್ತೆ ಸಡಿಲಿಸಿ, ಮತ್ತೆ ಬಿಗಿದು, ಮೂರನೇ ಸಲಕ್ಕೆ ಸರಿ ಕೂತಿತು.

ಎರಡನೇ ದಿನ ಬೆಳಿಗ್ಗೆ ಐದಡಿಯ ಎರಡು ಸಿಲ್ವರ್ ಓಕ್ ಪಟ್ಟಿ ಕೊಟ್ಟು ನೋಡಿದೆವು. ಬಾಲದ ಗುಂಡಿ ಇಲ್ಲ. ಟಾರ್ಚನ್ನು ಅಡ್ಡ ಹಿಡಿದು ಮೈ ನೋಡಿದೆ. ಅಲೆಗಳು ಅರ್ಧ ಮಿ.ಮೀ.ಗೊಂದು ಇದ್ದವು. ಹಳೆಯ ಟೇಬಲ್ಲಿನ ತಳಭಾಗದಲ್ಲಿ, ಅಲ್ಲಿ ಪಾಲಿಶ್ ಇರಲಿಲ್ಲ, ಅದೇ ಅಲೆ ಒಂದೂವರೆ ಮಿ.ಮೀ.ಗೊಂದು ಇತ್ತು. ಒಂದೇ ಎತ್ತರದ ಬ್ಲೇಡು ಮಾತ್ರ ಕಡಿಯುತ್ತಿತ್ತು, ಬೇರೆ ಎರಡು ಸುಮ್ನೆ ಸುತ್ತುತ್ತಿದ್ದವು ಅನ್ನುವುದಕ್ಕೆ ಅದು ಸಾಕ್ಷಿ. ನಿಮ್ಮ ಮೆಷಿನ್ನಿನಲ್ಲೂ ಅಲೆ ಅಗಲ ಕಂಡರೆ ಮರವನ್ನು ನಿಧಾನ ತಳ್ಳಿ ಸರಿಮಾಡಿಕೊಳ್ಳುವ ಮುಂಚೆ ಒಂದ್ಸಲ ಬ್ಲೇಡು ನೋಡಿ.

ಆದರೆ ಆ ಎರಡು ಪಟ್ಟಿಯ ಅಂಚಿಗೆ ಅಂಚು ಸೇರಿಸಿ ಬೆಳಕಿಗೆ ಹಿಡಿದಾಗ ಇನ್ನೊಂದು ತಪ್ಪು ಕಂಡಿತು. ಎರಡೂ ತುದಿ ಮುಟ್ಟುತ್ತಿತ್ತು, ಮಧ್ಯದಲ್ಲಿ ಬೆಳಕು. ಅರ್ಧ ಮಿ.ಮೀ. ಸಂದು. ಇಲ್ಲಿಯವರೆಗೂ ಅದು ಬಾಲದ ಗುಂಡಿಯ ಹಿಂದೆ ಅಡಗಿತ್ತು.

ಮಧ್ಯದಲ್ಲಿ ಹೊಟ್ಟೆ ಒಳಗೆ ಹೋದ ಅಂಚು ಬಂದರೆ ಬೆಡ್ಡುಗಳ ಹೊರ ತುದಿ ಜೋತಿದೆ ಅಂತ ಅರ್ಥ. ಎರಡು ಬೆಡ್ ಸೇರಿ ಬ್ಲೇಡಿನ ಹತ್ತಿರ ಉಬ್ಬಿದ ಬೆನ್ನಿನ ಹಾಗಿದ್ದರೆ ಮರ ಆ ಬೆನ್ನಿಗೆ ಹೊಂದುವ ಹಳ್ಳವಾಗಿ ಕೆತ್ತಿಕೊಂಡು ಬರುತ್ತೆ. ಉಲ್ಟಾ ಇದ್ದರೆ ಅಂಚು ಉಬ್ಬಿ ಬರುತ್ತೆ. ನೋಡಲು ಆಚಾರ್ರು ಒಂದು ಅಲ್ಯೂಮಿನಿಯಂ ಪಟ್ಟಿ ತಂದುಕೊಟ್ಟರು. ನಂಬುವ ಮುಂಚೆ ಅದನ್ನೇ ಪರೀಕ್ಷೆ ಮಾಡಿದೆ. ಪ್ಲೈವುಡ್ ಮೇಲೆ ಅದರ ಅಂಚಿಗೆ ಚೂಪು ಪೆನ್ಸಿಲ್ಲಿನಿಂದ ಒಂದು ಗೆರೆ, ಆಮೇಲೆ ಪಟ್ಟಿಯನ್ನು ಮಗುಚಿ ಅದೇ ಅಂಚಿಗೆ ಅದೇ ಜಾಗದಲ್ಲಿ ಇನ್ನೊಂದು ಗೆರೆ. ಎರಡು ಗೆರೆ ಮಧ್ಯೆ ಅಕ್ಕಿಕಾಳಿನ ದಪ್ಪ ಜಾಗ ಬಂತು. ಪಕ್ಕಕ್ಕಿಟ್ಟು ನನ್ನದನ್ನೇ ತೆಗೆದೆ. ಕೊಡುವ ಬೆಡ್ಡನ್ನು ತಗೊಳ್ಳುವ ಬೆಡ್ಡಿನ ಸಮಕ್ಕೆ ಏರಿಸಿ ಸ್ಟ್ರೈಟ್ ಎಡ್ಜ್ ಇಟ್ಟರೆ ಕೊಡುವ ಬೆಡ್ಡಿನ ಹೊರ ತುದಿಯಲ್ಲಿ 0.3 ಎಲೆ ಹೋಯಿತು.

ಬೆಡ್ ಇಳಿಜಾರಿನ ಮೇಲೆ ಜಾರಿ ಏರುವ ಮೆಷಿನ್ ಇದು. ಆ ಜಾರುವ ಮೈಯಲ್ಲಿ, ಬ್ಲೇಡಿನ ಕಡೆಗೆ, ಹೊಟ್ಟು ಮತ್ತು ಗ್ರೀಸ್ ಸೇರಿ ಗಟ್ಟಿ ಪದರ ಕಟ್ಟಿತ್ತು. ಆ ಪದರ ಒಳ ತುದಿಯನ್ನು ಎತ್ತಿ ಹೊರ ತುದಿಯನ್ನು ಜೋಲಿಸಿತ್ತು. ಮೂರು ಜನ ಸೇರಿ ಬೆಡ್ ಕಳಚಿ, ಸೀಮೆಎಣ್ಣೆ ಹಾಕಿ ನೆನೆಸಿ, ಮರದ ಚಕ್ಕೆಯಿಂದ ಕೆರೆದು ಒರೆಸಿದೆವು. ವಾಪಸ್ ಕೂರಿಸಿ ನೋಡಿದರೆ 0.1. ಉಳಿದದ್ದು ಸವೆತ. ಅದಕ್ಕೆ ಖಾಲಿ ತಂಪು ಪಾನೀಯದ ಡಬ್ಬಿ ಕತ್ತರಿಸಿ, ಆ ತಗಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತೆ, ಹೊರ ತುದಿಯ ಕಡೆ ಜಾರುವ ಮೈಗೆ ಒಂದು ಪಟ್ಟಿ ಕೊಟ್ಟೆವು. ಕಾಯಂ ಮಾಡುವುದಾದರೆ ಹಿತ್ತಾಳೆ ತಗಡು ಹಾಕಬೇಕು. ಸದ್ಯಕ್ಕೆ ನಿಂತಿದೆ. ಈಗ ಎರಡು ಪಟ್ಟಿ ಸೇರಿಸಿ ಹಿಡಿದರೆ ಮಧ್ಯದಲ್ಲಿ ಪೇಪರ್ ಆಡುವಷ್ಟು ಸಂದು. ಅಷ್ಟು ಬೇಕು ಕೂಡ. ಮಧ್ಯ ಅಷ್ಟು ಹಳ್ಳ ಇದ್ದರೆ ಕ್ಲಾಂಪ್ ಹಾಕಿದಾಗ ತುದಿಗಳು ಬಿಗಿಯಾಗಿ ಕೂರುತ್ತವೆ, ಆಮೇಲೆ ತುದಿ ಒಣಗಿದರೂ ಬೇಗ ಬಿಡಲ್ಲ.

ಮೆಷಿನ್ ಓಡಿಸುವ ಮುಂಚೆ ನಾನು ಒಂದು ವಿಷಯದಲ್ಲಿ ಹಟ ಹಿಡಿದೆ. ಬ್ಲೇಡಿನ ಮೇಲೆ ಇರಬೇಕಾದ ಗಾರ್ಡ್ ಶೆಡ್ಡಿನ ಹಿಂದೆ ಹಳೆ ಟಯರಿನ ಜೊತೆ ಬಿದ್ದಿತ್ತು. "ಅದಿದ್ರೆ ಕೆಲಸ ಓಡಲ್ಲ" ಅನ್ನುವುದು ಎಲ್ಲ ಕಡೆ ಕೇಳುವ ಮಾತು. ಆಚಾರ್ರ ಎಡಗೈ ಉಂಗುರದ ಬೆರಳಿನ ತುದಿ ಇಲ್ಲ, ನಾನು ಅವರ ಹತ್ತಿರ ಸೇರುವ ಮುಂಚೆಯೇ ಹೋಗಿದ್ದು. ಹುಡುಗನಿಗೆ ಇನ್ನೂ ಹತ್ತೊಂಬತ್ತು ವರ್ಷ. "ಆಚಾರ್ರೇ, ಗಾರ್ಡ್ ಹಾಕಿ ಆಮೇಲೆ ಸ್ವಿಚ್ ಹಾಕೋಣ" ಅಂದೆ. ಅವರು ಏನೂ ಮಾತಾಡದೆ ಹೋಗಿ ಎತ್ತಿಕೊಂಡು ಬಂದರು. ಮರ ತಳ್ಳಲು ಎರಡು ಹಿಡಿಕಟ್ಟೆಯನ್ನೂ ಮಾಡಿದೆವು. ತೇಗದ ತುಂಡಿಗೆ ಹತ್ತರಿಯ ಹಿಡಿಯ ಹಾಗೆ ಹಿಡಿ, ತಳಕ್ಕೆ ಹಳೆಯ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿದ್ದು. ಜಾರಲ್ಲ, ಕೈ ಬ್ಲೇಡಿನ ಮೇಲೆ ಹಾಯುವ ಪ್ರಸಂಗವೇ ಇಲ್ಲ. ಒಂದಡಿಗಿಂತ ಚಿಕ್ಕ ತುಂಡನ್ನು ಈ ಮೆಷಿನ್ನಿಗೆ ಕೊಡಬಾರದು, ಅದಕ್ಕೆ ಕೈಹತ್ತರಿ ಇದೆ. ಕೈಗವಸು, ಸಡಿಲ ತೋಳು, ಕೈಗೆ ಕಟ್ಟಿದ ದಾರ ಯಾವುದೂ ಬೇಡ.

ಟೇಬಲ್ಲಿನ ಉಳಿದ ಐದು ಜಾಯಿಂಟನ್ನು ಗರಗಸಕ್ಕೆ ಕೊಟ್ಟು ಬಿಡಿಸಿದೆವು. ಹಳೆಯ ಅಂಟು ಬ್ಲೇಡಿಗೆ ಕೆಟ್ಟದ್ದು, ಅದಕ್ಕೆ ಮೊದಲೇ ಕೆರೆದು ತೆಗೆದೆವು. ಹಲಗೆಗಳನ್ನು ಮತ್ತೆ ಕೊಡುವಾಗ ಒಂದು ಹಲಗೆಯ ಮೇಲ್ಮೈ ಗೈಡಿಗೆ, ಪಕ್ಕದ ಹಲಗೆಯ ತಳಮೈ ಗೈಡಿಗೆ, ಹೀಗೆ ಬದಲಿಸುತ್ತಾ ಹೋದೆವು. ಗೈಡು 90ಕ್ಕೆ ಒಂದು ಕೂದಲೆಳೆ ಆಚೀಚೆ ಇದ್ದರೂ ಒಂದರ ಓರೆ ಇನ್ನೊಂದರ ಓರೆಗೆ ಹೊಂದಿಕೊಂಡು ಟೇಬಲ್ ಚಪ್ಪಟೆಯೇ ಬರುತ್ತೆ. ಪ್ರತಿ ಹಲಗೆಯ ಅಂಚಿನಲ್ಲಿ ನಾರು ಯಾವ ಕಡೆಗೆ ಏರುತ್ತೆ ಅಂತ ನೋಡಿ ಸೀಮೆಸುಣ್ಣದಲ್ಲಿ ಬಾಣ ಹಾಕಿದ ಹುಡುಗ. ಎದುರು ನಾರಿಗೆ ಕೊಟ್ಟರೆ ತೇಗವೂ ಕಿತ್ತುಕೊಂಡು ಬರುತ್ತೆ. ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಜಾಸ್ತಿ ತೆಗೆಯಲಿಲ್ಲ. ಅಂಟು ಹಾಕುವ ಮುಂಚೆ ಕ್ಲಾಂಪ್ ಇಲ್ಲದೆ ಹಾಗೇ ಜೋಡಿಸಿ ನೋಡಿದಾಗ ಆರು ಜಾಯಿಂಟಿನಲ್ಲಿ ಎಲ್ಲೂ ಬೆಳಕು ಇಲ್ಲ. ಟೇಬಲ್ಲಿನ ಅಗಲ ಮುಕ್ಕಾಲು ಇಂಚು ಕಡಿಮೆ ಆಯಿತು. ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿದ್ದರು, ಕೂಲಿ ತಗೊಳ್ಳಲಿಲ್ಲ.

ಹೊರಡುವ ಮುಂಚೆ ಬೆಡ್ಡಿನ ಮೇಲೆ ಮೇಣದಬತ್ತಿ ತಿಕ್ಕಿ ಬಟ್ಟೆಯಿಂದ ಒರೆಸಿದೆವು. ಮರ ಸಲೀಸಾಗಿ ಜಾರುತ್ತೆ, ತುಕ್ಕು ಹಿಡಿಯಲ್ಲ. ಬೆಡ್ಡಿನ ಮೇಲೆ ಆಯುಧಪೂಜೆಯಲ್ಲಿ ಇಟ್ಟ ಅರಿಶಿನ ಕುಂಕುಮದ ಗುರುತು ತುಕ್ಕಿನ ಚುಕ್ಕೆಯಾಗಿ ಉಳಿದಿತ್ತು. ಪೂಜೆಗೆ ಬೊಟ್ಟು ಇಡಲೇಬೇಕು, ಆದರೆ ಗೈಡಿಗೋ ಸ್ಟ್ಯಾಂಡಿಗೋ ಇಟ್ಟು, ಬೆಡ್ಡನ್ನು ಒಣಗಿಸಿ ಮೇಣ ಹಚ್ಚಿಡಿ ಅಂತ ಹೇಳಿ ಬಂದೆ.

ಒಂದು ವಾರ ಆದ ಮೇಲೆ ಆಚಾರ್ರು ಮತ್ತೆ ಫೋನ್ ಮಾಡಿದರು. ಕಡ್ಡಿ ಮೆಷಿನ್ ಪಕ್ಕದ ಮೊಳೆಗೆ ನೇತಾಕಿದ್ದಾರಂತೆ, ಹುಡುಗ ಸೋಮವಾರ ಬೆಳಿಗ್ಗೆ ನೋಡಿದ, 3 ಇದೆಯಂತೆ. ಆಮೇಲೆ ದೀಪಾವಳಿಯಿಂದ ಈಚೆಗೆ ಹಲಗೆ ಜೋಡಿಸಿ ಕೊಟ್ಟ ಕೆಲಸ ಯಾವುದೆಲ್ಲ ಅಂತ ಪುಸ್ತಕ ತೆಗೆದು ನೋಡಿದರಂತೆ. ಮೂರು ಇತ್ತು. ಮೂರೂ ಮನೆಗೆ ತಾವೇ ಹೋಗಿ ನೋಡಿ ಬಂದಿದ್ದಾರೆ. ಎರಡು ಚೆನ್ನಾಗಿವೆ. ಪಾಂಡವಪುರದ ಕಡೆ ಒಂದು ದೇವರಮನೆ ಬಾಗಿಲಿನ ಹಲಗೆಯಲ್ಲಿ, ಕೆಳಗಿನ ತುದಿಯಲ್ಲಿ, ಕೂದಲಿನಷ್ಟು ಗೆರೆ ಬಂದಿದೆ. ಮನೆಯವರು ಇನ್ನೂ ಗಮನಿಸಿರಲಿಲ್ಲ. "ಯುಗಾದಿ ಒಳಗೆ ಬಿಚ್ಚಿ ತಂದು ಸರಿಮಾಡ್ಕೊಡ್ತೀನಿ ಅಂತ ಹೇಳ್ಬಂದಿದೀನಿ" ಅಂದರು.